ಒಂದು ಸಲ ಜ್ವರ ಬಂದವಳು

‘ನಿನಗೇನೂ ಆಗಲ್ಲ ಬಿಡು’ ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೇಳುವವರಿಗೆ ಅದು ಧೈರ್ಯದ ಮಾತು. ಕೇಳಿಸಿಕೊಂಡವರಿಗೆ ಮಾತ್ರ ಅದರ ಬೆನ್ನಿಗೇ ಒಂದು ಕೆಲಸ ಅಂಟಿಕೊಂಡು ಬರುತ್ತದೆ. ಏನೂ ಆಗದವಳನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು ನೋಡಿ. ನನ್ನನ್ನು ಕಳಿಸಿದ್ದು ಹೊಸನಗರದ ನಮ್ಮ ಬಾಡಿಗೆ ಮನೆಯ ಒಳಕೋಣೆಗೆ. ಆಗ ನನಗೆ ಹನ್ನೆರಡೋ ಹದಿಮೂರೋ ವರ್ಷ.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪಯ್ಯ ಊರೂರು ತಿರುಗಿ ದಾಕು ಹಾಕುವ ಕೆಲಸದಲ್ಲಿದ್ದ. ಸಿಡುಬು ಬಾರದ ಹಾಗೆ ಮಕ್ಕಳ ತೋಳಿಗೆ ಹಾಕುತ್ತಿದ್ದ ಸರ್ಕಾರದ ಲಸಿಕೆಗೆ ನಮ್ಮ ಕಡೆ ದಾಕು ಅನ್ನುತ್ತಿದ್ದರು. ಇಕ್ಕೇರಿ ಹತ್ತಿರದ ಹಳ್ಳಿಯಲ್ಲಿ ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡಿಕೊಂಡಿದ್ದ ಮನೆತನ ನಮ್ಮದು. ಅದರಲ್ಲಿ ಸರ್ಕಾರದ ಕೆಲಸ ಹಿಡಿದ ಮೊದಲಿಗ ಅಪ್ಪಯ್ಯನೇ. ಹಾಗಾಗಿ ಆ ಖಾಕಿ ಚೀಲಕ್ಕೆ ನಮ್ಮ ಮನೆಯಲ್ಲಿ ದೇವರ ಪೆಟ್ಟಿಗೆಯಷ್ಟೇ ಮರ್ಯಾದೆ. ಅದರೊಳಗೆ ಒಂದು ಸ್ಪಿರಿಟ್ ದೀಪ, ಗಾಜಿನ ಸಣ್ಣ ನಳಿಗೆಯಲ್ಲಿ ಮದ್ದು, ಸುತ್ತಲೂ ಹಲ್ಲಿರುವ ಉಕ್ಕಿನ ಒಂದು ಪುಟ್ಟ ಬಿಲ್ಲೆ ಇರುತ್ತಿದ್ದವು. ತೋಳಿನ ಮೇಲೆ ಮದ್ದಿನ ಹನಿ ಇಟ್ಟು ಬಿಲ್ಲೆಯನ್ನು ಒತ್ತಿ ತಿರುಗಿಸುತ್ತಿದ್ದ. ನಾಲ್ಕು ದಿನಕ್ಕೆ ಗುಳ್ಳೆ ಏಳುತ್ತಿತ್ತು, ಕೀವಾಗುತ್ತಿತ್ತು, ಜ್ವರ ಬರುತ್ತಿತ್ತು, ಆಮೇಲೆ ಹಕ್ಕಳೆ ಉದುರಿ ಜೀವನಪೂರ್ತಿ ಉಳಿಯುವ ಕಲೆಯಾಗುತ್ತಿತ್ತು.

ಹಳ್ಳಿಗಳಲ್ಲಿ ಅಪ್ಪಯ್ಯನ ಚೀಲ ಕಂಡರೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿಂದ ಓಡುತ್ತಿದ್ದರು. ಅದಕ್ಕೇ ಅವನು ಶಾಲೆಗೆ ರಜೆ ಇದ್ದ ದಿನ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ನಗರದ ಕೋಟೆಯ ಆಚೆಗಿನ ಹಳ್ಳಿಗಳಿಗೆಲ್ಲ ನಾನು ಅವನ ಜೊತೆ ನಡೆದಿದ್ದೇನೆ. ಜಗಲಿಯ ಮುಂದೆ ನನ್ನನ್ನು ನಿಲ್ಲಿಸಿ, ರವಿಕೆಯ ತೋಳನ್ನು ಭುಜದ ತನಕ ಸರಿಸಿ, ಎರಡು ಕಲೆಗಳನ್ನು ತೋರಿಸಿ ಭಾಷಣ ಶುರುಮಾಡುತ್ತಿದ್ದ.

“ಇವ್ಳು ನನ್ ಮಗಳು. ನಾನೇ ಹಾಕಿದ್ದು ಇದು. ಇವ್ಳನ್ನ ಸಿಡುಬು ಬಂದ ಮನೇಲಿ ಮಲಗ್ಸಿ ಬಂದ್ರೂ ಎಂತದೂ ಆಗಲ್ಲ. ಒಂದ್ಸಲ ಮೈ ಕಂಡಿದ್ದನ್ನ ಮೈ ಮರಿಯಲ್ಲ.”

ಸಂತೆಯಲ್ಲಿ ಹೋರಿಯ ಹಲ್ಲು ನೋಡುವ ಹಾಗೆ ಜನ ನನ್ನ ತೋಳು ನೋಡುತ್ತಿದ್ದರು. ನನಗೆ ನಾಚಿಕೆ ಒಂದು ಕಡೆ, ಹೆಮ್ಮೆ ಇನ್ನೊಂದು ಕಡೆ. ಸಿಡುಬಿನ ಮನೆಯಲ್ಲಿ ಮಲಗಿಸಿ ಬರುವ ಮಾತು ಬಂದಾಗ ಮಾತ್ರ ತೋಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅಪ್ಪಯ್ಯನಿಗೆ ಅದು ಬರೀ ಮಾತು ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮನೆಯಲ್ಲಿ ಈ ಭಾಷಣಕ್ಕೆ ಕಿಮ್ಮತ್ತು ಕೊಡದವಳು ಒಬ್ಬಳೇ, ಅಪ್ಪಯ್ಯನ ತಾಯಿ, ನನ್ನ ಅಜ್ಜಿ. ಅವಳ ಮುಖದ ತುಂಬ ಸಿಡುಬಿನ ಕಲೆ. ಆಗಿನ ನನಗಿಂತ ಚಿಕ್ಕವಳಿದ್ದಾಗ ಬಂದಿತ್ತಂತೆ, ಹೇಗೋ ಉಳಿದಳಂತೆ. ಉಳಿದ ಮೇಲೆ ಊರಿಗೆಲ್ಲ ಬೇಕಾದವಳಾದಳು. ಸಿಡುಬನ್ನು ಅವಳು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಅಮ್ಮ’ ಅನ್ನುತ್ತಿದ್ದಳು. ಯಾರ ಮನೆಗೆ ಅಮ್ಮ ಬಂದರೂ ಒಳಗೆ ಹೋಗಿ ರೋಗಿಯನ್ನು ನೋಡಿಕೊಳ್ಳುವವರು ಒಮ್ಮೆ ಬಂದು ಉಳಿದವರೇ ಆಗಬೇಕು ಅನ್ನುವುದು ಅವರ ಕಡೆಯ ಕಟ್ಟಳೆ. ಬಾಗಿಲಿಗೆ ಬೇವು, ಬೇವು ಸಿಗದಿದ್ದರೆ ಲಕ್ಕಿಸೊಪ್ಪು ಕಟ್ಟುತ್ತಿದ್ದರು. ಅಡುಗೆಗೆ ಒಗ್ಗರಣೆ ಹಾಕುವಂತಿಲ್ಲ. ಒಳಗೆ ಹೋದವಳು ರೋಗಿಗೆ ನೀರು ಹಾಕುವ ತನಕ, ಅಂದರೆ ವಾಸಿಯಾಗಿ ತಲೆಗೆ ಮೊದಲ ಸ್ನಾನ ಆಗುವ ತನಕ, ಹೊಸಿಲು ದಾಟುವಂತಿಲ್ಲ. ಅಜ್ಜಿಯ ಹುಡುಗಿತನ ಪೂರ್ತಿ ಹಾಗೆ ಕಂಡವರ ಕೋಣೆಗಳಲ್ಲಿ ಕಳೆಯಿತು. ಅದನ್ನು ಅವಳು ದೂರಿನ ಹಾಗೆ ಹೇಳುತ್ತಿರಲಿಲ್ಲ. ಪಟೇಲರ ಮನೆಯವರು ಸಹ ತನ್ನನ್ನೇ ಕರೆಸುತ್ತಿದ್ದರು ಅಂತ ಜಂಬದಿಂದಲೇ ಹೇಳುತ್ತಿದ್ದಳು.

“ನಿಂಗೆ ದೇವರು ಹಾಕಿದ್ದು, ಹುಡುಗಿಗೆ ನಾನು ಹಾಕಿದ್ದು. ಎರಡೂ ಒಂದೇ ಕಣವ್ವ,” ಅಂತ ಅಪ್ಪಯ್ಯ ಕೆಣಕುತ್ತಿದ್ದ.

“ಹೋಗೋ. ನಂದು ಕೂತು ಉಂಡಿದ್ದು. ನಿಂದು ಎಲೆ ನೆಕ್ಕಿದ್ದು. ನಿನ್ನ ದಾಕಿಗೆ ನೀನೇ ಆಗಾಗ ಮತ್ತೆ ಹಾಕಿಸ್ಕೊಳ್ಳಿ ಅಂತೀಯಲ್ಲ, ನಂಗೆ ಯಾರಾದ್ರೂ ಎರಡನೇ ಸಲ ಹಾಕಿದ್ರಾ?”

ಅಪ್ಪಯ್ಯನ ಹತ್ತಿರ ಉತ್ತರ ಇರುತ್ತಿತ್ತು. ಎಲೆ ನೆಕ್ಕಿದವರ ಮುಖ ನೆಟ್ಟಗಿದೆ, ಕೂತು ಉಂಡವರಲ್ಲಿ ಎಷ್ಟು ಜನ ಎಲೆಯ ಮುಂದೆಯೇ ಹೋದರು ಅಂತ ಕೇಳುತ್ತಿದ್ದ. ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು. ಅವಳ ಜೊತೆ ಹುಟ್ಟಿದವರಲ್ಲಿ ಇಬ್ಬರು ಹಾಗೆ ಹೋದವರು. ಈ ಜಗಳ ನಮ್ಮ ಮನೆಯಲ್ಲಿ ಯಾವತ್ತೂ ತೀರ್ಮಾನವಾಗಲಿಲ್ಲ.

ಆ ವರ್ಷ ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಫ್ಲೂ ಜ್ವರ ಬಂತು. ಸಾಗರದಲ್ಲಿ ಶಾಲೆಗಳ ಬೆಂಚು ಖಾಲಿಯಾಗಿವೆ ಅಂತ ಬಸ್ಸಿನವರು ಹೇಳುತ್ತಿದ್ದರು. ಆಮೇಲೆ ಬಸ್ಸಿನವರೇ ಮಲಗಿದರು. ಒಂದು ಬೆಳಿಗ್ಗೆ ನನ್ನ ತಮ್ಮ ಎದ್ದವನೇ ಕಾಲು ಎಳೆಯುತ್ತದೆ, ಕಣ್ಣು ಉರಿಯುತ್ತದೆ ಅಂದ. ಮಧ್ಯಾಹ್ನಕ್ಕೆ ಅವನ ಪಕ್ಕದಲ್ಲಿ ತಂಗಿಯೂ ಮುದುರಿಕೊಂಡಳು.

ಮನೆಯಲ್ಲಿ ಆಗ ಇನ್ನೊಂದು ಜೀವ ಇತ್ತು. ಅವ್ವ ಬಾಣಂತಿ. ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ. ನನ್ನ ತಂಗಿ ಆದ ಮೇಲೆ, ಈ ಕೂಸಿಗೆ ಮುಂಚೆ, ಎರಡು ಹುಟ್ಟಿ ಹೋಗಿದ್ದವು. ಎರಡೂ ಹೋದದ್ದು ನೆಗಡಿ, ಜ್ವರ, ಉಸಿರು ಕಟ್ಟುವುದು ಅನ್ನುವ ಒಂದೇ ದಾರಿಯಲ್ಲಿ. ಹಾಗಾಗಿ ಈ ಕೂಸು ಸೀನಿದರೆ ಅವ್ವನ ಕೈಯಲ್ಲಿದ್ದ ಪಾತ್ರೆ ಕೆಳಗೆ ಬೀಳುತ್ತಿತ್ತು. ತಮ್ಮನ ಹಣೆ ಮುಟ್ಟಿ ನೋಡಿದ ಅವ್ವ ಅಳಲಿಲ್ಲ. ಕೂಸನ್ನು ಎತ್ತಿಕೊಂಡು ಮನೆಯ ಇನ್ನೊಂದು ತುದಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

“ಈ ಕೂಸಿಗೆ ಬಂದ್ರೆ ನಾನು ಉಳಿಯಲ್ಲ,” ಅಂದಳು, ಅಷ್ಟೇ.

ಆಗ ಅಪ್ಪಯ್ಯನಿಗೆ ನೆನಪಾದದ್ದು ಹಿಂದಿನ ಫ್ಲೂ. ನಾನು ಇನ್ನೂ ತೊದಲು ಮಾತಾಡುತ್ತಿದ್ದ ವರ್ಷ ಊರೆಲ್ಲ ಹಬ್ಬಿತ್ತಂತೆ. ಅಪ್ಪಯ್ಯ, ಅವ್ವ, ನಾನು ಮೂವರೂ ಒಟ್ಟಿಗೆ ಮಲಗಿ ಎದ್ದಿದ್ದೆವಂತೆ. ಅಜ್ಜಿ ಆಗ ಹಳ್ಳಿಯಲ್ಲಿದ್ದಳು, ಅವಳಿಗೆ ಬಂದಿರಲಿಲ್ಲ. ಇಷ್ಟು ಸಾಕಾಯಿತು. ಅವ್ವ ಕೂಸಿನ ತಾಯಿ, ಕೋಣೆಗೆ ಹೋಗುವಂತಿಲ್ಲ. ಅಜ್ಜಿಗೆ ಬಂದಿಲ್ಲ, ಹೋಗುವಂತಿಲ್ಲ. ಅಪ್ಪಯ್ಯನಿಗೆ ತೀರ್ಥಹಳ್ಳಿ ಕಡೆ ಕ್ಯಾಂಪು, ಮೇಲಿನವರ ತಾಕೀತು. ಉಳಿದವಳು ಯಾರು?

“ಇವ್ಳಿಗೆ ಬಂದು ಹೋಗಿದೆ. ಇವ್ಳಿಗೆ ಮತ್ತೆ ಬರಲ್ಲ,” ಅಂದ ಅಪ್ಪಯ್ಯ.

“ಹೌದು, ಇದು ದಾಕಿಂದಲ್ಲ, ಅಸಲು ಜ್ವರನೇ ಬಂದಿದ್ದು. ಗಟ್ಟಿ ಇದ್ದಾಳೆ,” ಅಂದಳು ಅಜ್ಜಿ.

ನನ್ನ ನೆನಪಿನಲ್ಲಿ ಅವರಿಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಬಂದದ್ದು ನನ್ನ ತಲೆಯ ಮೇಲೆ.

ಅಜ್ಜಿ ಒಳಕೋಣೆಯ ಬಾಗಿಲಿಗೆ ಲಕ್ಕಿಸೊಪ್ಪು ಕಟ್ಟಿದಳು. ಇದು ಅಮ್ಮ ಅಲ್ಲ, ಹೆಸರಿಲ್ಲದ ಜ್ವರ ಅಂತ ಗೊಣಗುತ್ತಲೇ ಅಮ್ಮನಿಗೆ ಮಾಡುವ ಎಲ್ಲ ವ್ರತವನ್ನೂ ಇದಕ್ಕೂ ಮಾಡಿದಳು. ಕೋಣೆಗೆ ಇದ್ದದ್ದು ಜಗಲಿಯ ಕಡೆಗೊಂದು ಮರದ ಸರಳಿನ ಕಿಟಕಿ, ಮೂಲೆಯಲ್ಲೊಂದು ಬಚ್ಚಲುಕಲ್ಲು. ಗಂಜಿ, ಬಿಸಿನೀರು, ಕಾಳುಮೆಣಸಿನ ಕಷಾಯ ಎಲ್ಲ ಕಿಟಕಿಯಲ್ಲೇ ಬರಬೇಕು. ‘ಕೊನೆಯವರಿಗೆ ನೀರು ಹಾಕೋ ತನಕ ನೀನು ಈಚೆ ಬರೋ ಹಾಗಿಲ್ಲ’ ಅಂತ ಅಜ್ಜಿ ಹೇಳಿದಾಗ ಅವಳ ದನಿಯಲ್ಲಿ, ತನ್ನ ಒಡವೆ ನನಗೆ ಕೊಡುತ್ತಿದ್ದಾಳೇನೋ ಅನ್ನುವ ಹಾಗೆ ಒಂದು ಸಡಗರ ಇತ್ತು. ಒಡವೆ ಬೇಡ ಅನ್ನುವ ಧೈರ್ಯ ನನಗೆ ಇರಲಿಲ್ಲ.

ಕೋಣೆಯೊಳಗೆ ಹಗಲು ಉದ್ದವಾಗಿತ್ತು. ತಮ್ಮ ಹೊದ್ದದ್ದನ್ನು ಒದೆಯುವುದು, ನಾನು ಹೊದಿಸುವುದು. ತಂಗಿ ನೀರು ಅನ್ನುವುದು, ಕೊಟ್ಟರೆ ಬೇಡ ಅನ್ನುವುದು. ಹಣೆಯ ಬಟ್ಟೆ ಒದ್ದೆ ಮಾಡಿ ಹಿಂಡಿ ಹಾಕುವಷ್ಟರಲ್ಲಿ ಒಣಗುತ್ತಿತ್ತು. ಇಬ್ಬರ ಕೆಮ್ಮಿನ ನಡುವೆ ಕುಳಿತು ನಾನು ಕಿಟಕಿಯ ಸರಳುಗಳ ಗಂಟುಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಬೀದಿಯಲ್ಲಿ ನನ್ನ ಜೊತೆಯ ಹುಡುಗಿಯರು ಕುಂಟಾಬಿಲ್ಲೆ ಆಡುವ ಸದ್ದು ಬರುತ್ತಿತ್ತು. ಅವರಿಗೆ ಹಿಂದಿನ ಫ್ಲೂ ಬಂದಿರಲಿಲ್ಲವಂತೆ, ಅದಕ್ಕೇ ಆಡುತ್ತಿದ್ದಾರೆ ಅಂತ ನನಗೆ ಹೊಟ್ಟೆಕಿಚ್ಚು. ಒಂದು ಸಲ ಬಂದು ಹೋದ ಜ್ವರ ನನಗೆ ಕಾವಲಲ್ಲ, ನನ್ನನ್ನೇ ಕೂಡಿಹಾಕಿದ ಬೀಗ ಅನ್ನಿಸಿ, ನೆನಪೇ ಇಲ್ಲದ ಆ ಜ್ವರವನ್ನು ಮನಸಾರೆ ಬೈದೆ.

ಇಷ್ಟೇ ಆಗಿದ್ದರೆ ಅಜ್ಜಿಯ ಕಟ್ಟಳೆಯಾದರೂ ಪೂರ್ತಿ ನಡೆಯುತ್ತಿತ್ತು. ಆದರೆ ಕೂಸಿಗೆ ನನ್ನ ಕೈ ರೂಢಿಯಾಗಿಬಿಟ್ಟಿತ್ತು. ಅಜ್ಜಿಯ ಕೈ ನಡುಗುತ್ತಿತ್ತು. ಎತ್ತಿಕೊಂಡರೆ ಅವ್ವನಿಗೇ ಭಯ. ಅವ್ವ ಸ್ನಾನಕ್ಕೆ, ಊಟಕ್ಕೆ ಹೋದರೆ ಕೂಸು ನೀಲಿಯಾಗುವ ಹಾಗೆ ಅಳುತ್ತಿತ್ತು. ಆ ಅಳು ಕೇಳಿದ ಅಪ್ಪಯ್ಯ, ಕ್ಯಾಂಪಿಗೆ ಹೊರಡುವ ಮುಂಚೆ, ಕಟ್ಟಳೆಗೊಂದು ಕಿಂಡಿ ಕೊರೆದ.

“ಇವ್ಳಿಗೆ ಬರದೇ ಇಲ್ಲ ಅಂದ್ಮೇಲೆ ಇವ್ಳಿಂದ ಇನ್ನೊಬ್ರಿಗೆ ಹೋಗೋದು ಹೆಂಗೆ? ಕೈಕಾಲು ತೊಳ್ಕೊಂಡು, ಬೇರೆ ಬಟ್ಟೆ ಉಟ್ಕೊಂಡು ಕೂಸನ್ನ ನೋಡ್ಕೊಳ್ಳಿ. ಎಂತದೂ ಆಗಲ್ಲ.”

ಅಜ್ಜಿ ಬಾಯಿ ತೆರೆದಳು. ಅಷ್ಟರಲ್ಲಿ ಕೂಸು ಇನ್ನೊಮ್ಮೆ ಚೀರಿತು. ಅವಳು ಎದ್ದು ನೀರು ಕಾಯಿಸಲು ಹೋದಳು.

ಹೀಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನನಗೆ ಬಾಗಿಲು ತೆರೆಯತೊಡಗಿತು. ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರಲ್ಲಿ ಮೊಣಕೈವರೆಗೆ ತೊಳೆದು, ಒಗೆದ ಲಂಗ ಉಟ್ಟು, ಜಗಲಿಯ ಬಿಸಿಲಲ್ಲಿ ಕಾಲು ಚಾಚಿ ಕೂರುತ್ತಿದ್ದೆ. ಅವ್ವ ಕೂಸನ್ನು ಕಾಲ ಮೇಲೆ ಮಲಗಿಸುತ್ತಿದ್ದಳು. ಬೀದಿ, ಬಿಸಿಲು, ಯಾರೋ ಸೈಕಲ್ಲಿನಲ್ಲಿ ಹೋಗುವುದು, ಕೂಸಿನ ನೆತ್ತಿಯ ಹಾಲು ವಾಸನೆ. ದಿನವಿಡೀ ನಾನು ಅದಕ್ಕಾಗಿ ಕಾಯುತ್ತಿದ್ದೆ. ಕೂಸಿನ ಮೇಲೆ ಪ್ರೀತಿ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹೊರಗೆ ಕೂರುವ ಆಸೆ ಪ್ರೀತಿಗಿಂತ ಒಂದು ಹಿಡಿ ಹೆಚ್ಚೇ ಇತ್ತು.

ಈಗ ಫ್ಲೂಗೂ ಸೂಜಿ ಬಂದಿದೆ. ಈಚೆಗೆ ಮೊಮ್ಮಗಳಿಗೆ ಅದನ್ನು ಹಾಕಿಸಲು ಹೋದಾಗ ನಾನು ಆ ಡಾಕ್ಟರಮ್ಮನನ್ನು ತಡೆದು ಕೇಳಿಯೇಬಿಟ್ಟೆ. ಒಂದು ಸಲ ಜ್ವರ ಬಂದ ಮಗುವಿಗೆ ಮತ್ತೆ ಬರುತ್ತದಾ? ಜ್ವರ ಬಂದದ್ದು ಗಟ್ಟಿಯೋ, ಸೂಜಿ ಚುಚ್ಚಿಸಿಕೊಂಡದ್ದು ಗಟ್ಟಿಯೋ? ಆಕೆ ನಕ್ಕು, ಸಿಡುಬು ಜೀವನವಿಡೀ ಒಂದೇ ವೇಷ ಹಾಕಿದ್ದು ನೋಡಿ ಅಜ್ಜಿ, ಫ್ಲೂ ಹಾಗಲ್ಲ, ಬಣ್ಣ ಕಿರೀಟ ಬದಲಿಸಿಕೊಂಡು ಬರುತ್ತದೆ ಅಂದರು. ಮಗುವಿನ ಮೈ ಮೊದಲು ನೋಡಿದ ವೇಷವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದಂತೆ. ಬೇರೆ ವೇಷದಲ್ಲಿ ಬಂದರೆ ಎಲ್ಲೋ ನೋಡಿದ ಹಾಗಿದೆ ಅಂದುಕೊಳ್ಳುವಷ್ಟರಲ್ಲಿ ಅದು ರಂಗಕ್ಕೆ ಬಂದು ಕುಣಿದಾಗಿರುತ್ತದಂತೆ. ಜ್ವರವೇ ಕಲಿಸಿದ ಪಾಠ ಕೆಲವು ವಿಷಯದಲ್ಲಿ ಆಳ, ಆದರೆ ಅದು ಮಗುವಿನ ಜೀವ ಒತ್ತೆ ಇಟ್ಟು ಕಲಿಸುತ್ತದೆ. ಸೂಜಿಯ ಪಾಠ ಹಗುರ, ಅದಕ್ಕೇ ವರ್ಷವರ್ಷವೂ ಹೊಸ ವೇಷ ನೋಡಿ ಹಾಕಿಸಬೇಕು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಡಾಕ್ಟರಮ್ಮನ ತಪ್ಪೇನೂ ಇಲ್ಲದಿದ್ದರೂ, ‘ಇದನ್ನು ಹೇಳೋಕೆ ನೀವು ಆವಾಗ ಯಾಕೆ ಇರಲಿಲ್ಲ’ ಅಂದುಬಿಟ್ಟೆ.

ಆವಾಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ನನಗೆ ಗೊತ್ತಾಯಿತು, ಅಷ್ಟೇ.

ತಮ್ಮ ಆ ದಿನ ಎದ್ದು ಕೂತು ಗಂಜಿಗೆ ಉಪ್ಪಿನಕಾಯಿ ಕೇಳಿದ್ದ. ಅವನಿಗೆ ಬಟ್ಟಲು ಕೊಡಲು ಏಳುವಾಗ ನನ್ನ ತೊಡೆಗಳು ಎಳೆದವು. ತಲೆ ಬಗ್ಗಿಸಿದರೆ ಕಣ್ಣುಗುಡ್ಡೆ ಹಿಂದೆ ಯಾರೋ ಒತ್ತಿದಂತೆ ನೋವು. ತಮ್ಮನಿಗೆ ಮೊದಲ ದಿನ ಆದದ್ದೂ ಹೀಗೇ. ಗೋಡೆ ಹಿಡಿದು ನಿಂತೆ. ಚಳಿ ಬೆನ್ನಿಂದ ಹತ್ತಿ ಬಂತು. ಅದೇ ಹೊತ್ತಿಗೆ ಹೊರಗೆ ಅವ್ವ ಬಿಸಿನೀರಿನ ತಂಬಿಗೆ ಇಟ್ಟು ಕೂಗಿದಳು. “ಬಾರೆ, ಕೈ ತೊಳ್ಕೋ. ಕೂಸು ಅಳ್ತಾ ಇದೆ.”

“ಅವ್ವಾ, ನಂಗೆ ಜ್ವರ ಬಂದಿದೆ,” ಅಂದೆ ಕಿಟಕಿಯಲ್ಲಿ.

ಅವ್ವನ ಮುಖ ಕಪ್ಪಿಟ್ಟಿತು. ಉತ್ತರ ಕೊಟ್ಟದ್ದು ಮಾತ್ರ ಅಡುಗೆಮನೆಯಿಂದ ಅಜ್ಜಿ. “ನಿಂಗೆ ಹೆಂಗೆ ಬತ್ತದೆ? ಬಂದು ಹೋಗಿದೆಯಲ್ಲ. ಒಲೆ ಮುಂದೆ ಕೂತವಳಿಗೆ ಬೆಚ್ಚಗಾಗಲ್ವಾ, ಹಂಗೇ ಇದು. ಜ್ವರದವರ ಪಕ್ಕ ಮಲಗಿ ಮೈ ಕಾದಿದೆ. ಬಾ ಈಚೆ, ಗಾಳಿ ಬಿದ್ರೆ ಸರಿಹೋಗ್ತದೆ.”

“ಇಲ್ಲ ಅಜ್ಜಿ, ಕಾಲು ಎಳೀತಾ ಇದೆ.”

“ಕೂತು ಕೂತು ಎಳೀತದೆ. ನಂಗೂ ಎಳೀತಿತ್ತು. ಹಂಗಂತ ನಾನು ಯಾರ ಮನೇಲೂ ಸೋಗು ಹಾಕ್ಲಿಲ್ಲ.”

ಅವ್ವ ಒಮ್ಮೆ ಅಜ್ಜಿಯ ಕಡೆ, ಒಮ್ಮೆ ನನ್ನ ಕಡೆ ನೋಡಿದಳು. ಅವಳು ಹಿಂದಿನ ರಾತ್ರಿಯಿಂದ ಊಟ ಮಾಡಿರಲಿಲ್ಲ. ಬಾಗಿಲ ಹೊರಗಿನ ಕೊಂಡಿ ತೆಗೆಯುವ ಸದ್ದಾಯಿತು.

ನಾನು ಹೊರಗೆ ಹೋದರೆ ಕೂಸು ನನ್ನ ಕಾಲ ಮೇಲೆ ಬರುತ್ತದೆ. ನಾನು ಬರೀ ಬಾಯಲ್ಲಿ ಒಲ್ಲೆ ಅಂದರೆ ಸೋಮಾರಿ, ಸೋಗಿನವಳು. ಆ ಮಾತಿಗಿಂತ ನನ್ನನ್ನು ಹೆದರಿಸಿದ್ದು ನನ್ನದೇ ಆಸೆ. ಬಾಗಿಲು ಅಂಗೈಯಗಲ ತೆರೆದು ಬಿಸಿಲಿನ ಗೆರೆಯೊಂದು ಚಾಪೆಯ ಮೇಲೆ ಬಿದ್ದಿತ್ತು. ಅಜ್ಜಿ ಹೇಳಿದ್ದೇ ಇರಬಹುದು, ಮೈ ಕಾದಿದೆ ಅಷ್ಟೇ, ಹೋಗಿ ಸ್ವಲ್ಪ ಹೊತ್ತು ಕೂತು ಬಂದರೆ ಏನಾದೀತು ಅಂತ ಒಳಗಿಂದ ಯಾರೋ ಹೇಳುತ್ತಿದ್ದರು. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಅವ್ವ ನೆನಪಾದಳು. ನಾನು ಬಾಗಿಲನ್ನು ದೂಡಿ ಮುಚ್ಚಿ ಒಳಗಿನ ಚಿಲಕ ಹಾಕಿದೆ. ಇಷ್ಟು ದಿನ ಹೊರಗಿನವರು ಹಾಕಿದ ಕೊಂಡಿ ಇತ್ತು. ಈಗ ನನ್ನದೂ ಒಂದು ಸೇರಿತು.

ಆಮೇಲೆ ನಡೆದದ್ದೆಲ್ಲ ಬಾಗಿಲ ಮೇಲೆ. ಅಜ್ಜಿ ಕೋಲಿನಿಂದ ಕುಟ್ಟಿದಳು. ಹಡೆದವ್ವನಿಗೆ ಒಂದು ತುತ್ತು ಉಣ್ಣಲು ಬಿಡದ ಮಗಳು ಅಂದಳು. ಪಟೇಲರ ಮನೆಯಲ್ಲಿ ತಾನು ಹೇಗಿದ್ದೆ ಅಂತ ಮತ್ತೆ ಹೇಳಿದಳು. ಕೂಸು ಅತ್ತಿತು. ಆ ಅಳು ನನ್ನ ಕಿವಿಯೊಳಗೆ ಹೋಗಿ ತಲೆನೋವಿನ ಜೊತೆ ಸೇರಿ ಕುಟ್ಟತೊಡಗಿತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಕಿವಿ ಮುಚ್ಚಿಕೊಂಡು ಅತ್ತೆ. ತಂಗಿ ತೆವಳಿಕೊಂಡು ಬಂದು ನನ್ನ ಮಡಿಲಲ್ಲಿ ತಲೆ ಇಟ್ಟಳು. ಅವಳ ಹಣೆಗಿಂತ ನನ್ನ ಕೈ ಬಿಸಿಯಿತ್ತು.

ಮಧ್ಯಾಹ್ನದ ಬಸ್ಸಿಗೆ ಅಪ್ಪಯ್ಯ ಬಂದ. ತೀರ್ಥಹಳ್ಳಿಯ ಕ್ಯಾಂಪು ಅರ್ಧಕ್ಕೇ ನಿಂತಿತ್ತು, ತೋಳು ಕೊಡಬೇಕಾದ ಮಕ್ಕಳೆಲ್ಲ ಜ್ವರ ಹೊದ್ದು ಮಲಗಿದ್ದವಂತೆ. ಅವನನ್ನು ನೋಡುವ ಮುಂಚೆ ಅವನ ಕೆಮ್ಮು ಕೇಳಿಸಿತು. ಅದು ತಮ್ಮನ ಕೆಮ್ಮು, ಒಣಗಿದ ತೊಗಟೆ ಸೀಳಿದ ಹಾಗಿನ ಕೆಮ್ಮು. ನಾನು ಎದ್ದು ಕಿಟಕಿಯ ಸರಳು ಹಿಡಿದೆ. ಅಪ್ಪಯ್ಯ ಚೀಲವನ್ನು ಜಗಲಿಯ ಮೇಲೆ ಇಟ್ಟು ಮುಖ ಒರೆಸಿಕೊಂಡ. ಕಣ್ಣು ಕೆಂಪಗಿತ್ತು. ಅಜ್ಜಿ ನನ್ನ ಮೇಲೆ ದೂರು ಶುರುಮಾಡಿದಳು. ಅವನು ಅರ್ಧ ಕೇಳಿಸಿಕೊಂಡು, ಜಗಲಿಯ ಮೂಲೆಯಲ್ಲಿ ಮೊರದಲ್ಲಿ ಮಲಗಿಸಿದ್ದ ಕೂಸಿನ ಕಡೆ ನಡೆದ.

“ಅಪ್ಪಯ್ಯಾ, ಮುಟ್ಬೇಡ!” ಅಂತ ಕೂಗಿದೆ. “ನಿಂಗೆ ಜ್ವರ ಇದೆ. ನಂಗೂ ಬಂದಿದೆ.”

“ಹುಚ್ಚು ಹುಡುಗಿ. ಧೂಳಿಗೆ ಕೆಮ್ಮು ಇದು. ನಂಗೂ ಆ ವರ್ಷನೇ ಬಂದು ಹೋಗಿದೆ,” ಅಂದ. ಹೇಳುವಾಗಲೇ ಇನ್ನೊಮ್ಮೆ ಕೆಮ್ಮಿದ. ಮೊರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೈ ಚಾಚಿದ.

ಚಿಲಕ ತೆಗೆದು ಓಡಿಹೋಗಿ ಅವನ ಕೈ ಹಿಡಿಯಬೇಕು ಅನ್ನಿಸಿತು. ಓಡಿಹೋದರೆ ಅವನ ಕೆಮ್ಮಿನ ಜೊತೆ ನನ್ನದೂ ಕೂಸಿನ ಮೇಲೆ. ಹೋಗುವಂತಿಲ್ಲ, ಇರುವಂತಿಲ್ಲ. ಸರಳಿನ ಸಂದಿಗೆ ಮುಖ ಒತ್ತಿ, ಗಂಟಲು ಹರಿಯುವ ಹಾಗೆ ಚೀರಿದೆ. ಮಾತು ಏನಿತ್ತೋ ನೆನಪಿಲ್ಲ. ಅಜ್ಜಿ ಕಿಟಕಿಯ ಪಕ್ಕದಲ್ಲೇ ನಿಂತಿದ್ದಳು. ನನ್ನ ಬಾಯಿ ಮುಚ್ಚಿಸಲು ಕೈ ಚಾಚಿದಳು ಅನ್ನಿಸುತ್ತದೆ. ಅವಳ ಅಂಗೈ ನನ್ನ ಕೆನ್ನೆಗೆ ತಾಗಿತು. ತಾಗಿದ್ದು ಅಲ್ಲೇ ನಿಂತಿತು. ಕೆನ್ನೆಯಿಂದ ಹಣೆಗೆ, ಹಣೆಯಿಂದ ಕತ್ತಿಗೆ ಹೋಯಿತು. ಎಷ್ಟೋ ಮನೆಗಳ ಎಷ್ಟೋ ಹಣೆಗಳನ್ನು ಮುಟ್ಟಿದ ಕೈ ಅದು. ಜ್ವರ ಯಾವುದು, ಒಲೆಯ ಕಾವು ಯಾವುದು ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಜ್ಜಿ ತಿರುಗಿದಳು. ಕೋಲು ಬಿಸಾಡಿ ಹೋಗಿ ಮಗನಿಗೂ ಮೊರಕ್ಕೂ ನಡುವೆ ನಿಂತಳು.

“ಕೈ ತೆಗಿಯೋ,” ಅಂದಳು. “ಹುಡುಗಿ ಮೈ ಕೆಂಡ ಆಗಿದೆ. ಬಂದು ಹೋದವರಿಗೂ ಬತ್ತದೆ ಇದು.”

“ಹಂಗಲ್ಲವ್ವ, ಒಂದ್ಸಲ ಮೈ ಕಂಡಿದ್ದು…”

“ಇದು ನಾನು ಕಂಡಿದ್ದಲ್ಲ, ನೀನು ಹಾಕಿದ್ದೂ ಅಲ್ಲ. ಏಳು ಮೇಲೆ. ಒಳಗೆ ಹೋಗು ಆ ಮಕ್ಕಳ ಜೊತೆ.”

ಅಪ್ಪಯ್ಯ ಎದ್ದು ಕಿಟಕಿಯ ಹತ್ತಿರ ಬಂದು ನನ್ನ ಹಣೆ ಮುಟ್ಟಿದ. ತನ್ನ ಕೈಯನ್ನು ತನ್ನ ಕತ್ತಿಗೆ ಒತ್ತಿಕೊಂಡು ನೋಡಿದ. ಅಷ್ಟು ವರ್ಷ ಊರೂರ ಜಗಲಿಯಲ್ಲಿ ನಿಂತು ಹೇಳಿದ ಮಾತು ಅವನ ಮುಖದಿಂದ ಇಳಿದು ಹೋಗುತ್ತಿತ್ತು. ನೋಡಲಾಗಲಿಲ್ಲ ನನಗೆ. ಅಷ್ಟರಲ್ಲಿ ಅಜ್ಜಿ ಕೂಸನ್ನು ಮೊರದ ಸಮೇತ ಎತ್ತಿಕೊಂಡಿದ್ದಳು. ಅವಳ ಎರಡೂ ಕೈ ನಡುಗುತ್ತಿದ್ದವು. ಅವ್ವ ಓಡಿಬಂದಳು, ತೆಗೆದುಕೊಳ್ಳಲಿಲ್ಲ, ಮೊರದ ಕೆಳಗೆ ತನ್ನ ಕೈ ಕೊಟ್ಟಳು. ಇಬ್ಬರೂ ಹಾಗೇ ಒಳಗೆ ಹೋದರು.

ನಾನು ಚಿಲಕ ತೆಗೆದು ಅಪ್ಪಯ್ಯನನ್ನು ಒಳಗೆ ಬಿಟ್ಟುಕೊಂಡೆ. ಅವನು ತಮ್ಮನ ಪಕ್ಕ ಮಲಗಿದ. ಸಂಜೆಗೆ ಜ್ವರ ಏರಿತು. ನನಗೆ ಕೂರಲೂ ಆಗುತ್ತಿರಲಿಲ್ಲ. ಎದ್ದು ಓಡಾಡುವಂತಾಗಿದ್ದ ತಮ್ಮನೇ ನಮ್ಮಿಬ್ಬರಿಗೂ ನೀರು ಕೊಟ್ಟ. ಮಾರನೆಯ ದಿನ ಅಪ್ಪಯ್ಯ ತುಂಬಾ ಹೊತ್ತು ಮಾಡಿನ ಹೆಂಚು ನೋಡುತ್ತಾ ಮಲಗಿದ್ದ. ಆಮೇಲೆ ಕಿಟಕಿ, ಆಮೇಲೆ ಬಾಗಿಲು ನೋಡಿದ. ಹೊರಗೆ ಕುಂಟಾಬಿಲ್ಲೆಯ ಸದ್ದು ಬರುತ್ತಿತ್ತು.

“ಬಾಗ್ಲು ಯಾವಾಗ ತೆಗೀತಾರೆ ಮಗಾ?” ಅಂದ.

“ಕೊನೆಯವರಿಗೆ ನೀರು ಹಾಕಿದ ಮೇಲೆ,” ಅಂದೆ.

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಸ್ವಲ್ಪ ಹೊತ್ತಾದ ಮೇಲೆ ಅವನ ಕೈ ಹಿಂದಕ್ಕೆ ಬಂದು ನನ್ನ ಕೈ ಹುಡುಕಿ ಹಿಡಿಯಿತು. ಬಿಡಿಸಿಕೊಳ್ಳುವಷ್ಟು ಸಿಟ್ಟು ನನಗಿತ್ತು. ಬಿಡಿಸಿಕೊಳ್ಳಲಿಲ್ಲ.

ಮುಂದೆ ಅವನು ಮತ್ತೆ ಚೀಲ ಹಿಡಿದು ಊರೂರಿಗೆ ಹೋದ. ನಾನೂ ಹೋದೆ. ತೋಳನ್ನು ಮೊದಲಿನ ಹಾಗೇ ತೋರಿಸುತ್ತಿದ್ದ, ಆ ಕಲೆಗಳ ಮೇಲಿನ ನಂಬಿಕೆ ಅವನಿಗೆ ಹೋಗಿರಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಆದರೆ ಸಿಡುಬಿನ ಮನೆಯಲ್ಲಿ ಮಗಳನ್ನು ಮಲಗಿಸಿ ಬರುವ ಮಾತನ್ನು ಬಿಟ್ಟುಬಿಟ್ಟ. ‘ಇದು ಸಿಡುಬಿಗೆ ಮಾತ್ರ. ಬೇರೆ ಜ್ವರಕ್ಕೆ ನನ್ನ ಹತ್ರ ಎಂತದೂ ಇಲ್ಲ’ ಅಂತ ಕೊನೆಗೆ ಸೇರಿಸುತ್ತಿದ್ದ.

ಕೂಸಿಗೆ ಜ್ವರ ಬರಲಿಲ್ಲ. ಅವ್ವ ಪ್ರತಿ ಸಂಜೆ ಕಿಟಕಿಯ ಹೊರಗೆ ದೂರದಲ್ಲಿ ನಿಂತು, ಕೂಸನ್ನು ನನ್ನ ಕಡೆ ತಿರುಗಿಸಿ ತೋರಿಸಿ ಹೋಗುತ್ತಿದ್ದಳು. ಅಷ್ಟು ದಿನ ನಾನು ಅದನ್ನು ಎತ್ತಿ ಆಡಿಸಿದ್ದೆನಲ್ಲ, ಆಗಲೇ ಅಂಟಿರಬಹುದು ಅನ್ನುವ ಹೆದರಿಕೆಯಲ್ಲಿ ನಾನು ಅದರ ಮೂಗನ್ನೇ ನೋಡುತ್ತಿದ್ದೆ. ಪುಣ್ಯ, ಒಂದು ಸೀನೂ ಬರಲಿಲ್ಲ.

ತಮ್ಮ, ತಂಗಿ, ಅಪ್ಪಯ್ಯ ಎಲ್ಲರಿಗೂ ನೀರು ಹಾಕಿದ ಮೇಲೆ ಕೊನೆಯವಳು ನಾನು. ಬಚ್ಚಲಲ್ಲಿ ಅಜ್ಜಿ ಲಕ್ಕಿಸೊಪ್ಪಿನ ನೀರನ್ನು ತಲೆಗೆ ಹೊಯ್ದಳು. ಬಡಕಲಾದ ನನ್ನ ಬೆನ್ನನ್ನು ಉಜ್ಜುತ್ತಿದ್ದ ಅವಳ ಕೈ ಒಮ್ಮೆ ನಿಂತಿತು. ಬೈಗುಳ ಬರುತ್ತದೆ ಅಂತ ನಾನು ಕಾಯುತ್ತಿದ್ದೆ.

“ಪಟೇಲರ ಮನೇಲಿ ಆ ಬಾಗ್ಲಿಗೆ ಒಳಗಡೆ ಚಿಲಕ ಇತ್ತು,” ಅಂದಳು ಅಜ್ಜಿ. “ದಿನಾ ನೋಡ್ತಿದ್ದೆ. ಇನ್ನೊಂದು ಮನೆಗೆ ನನ್ನ ಕರ್ಕೊಂಡು ಹೋಗೋಕೆ ಜನ ಬರೋರು. ಹಾಕ್ಕೊಂಡು ಕೂತುಬಿಡ್ಬೇಕು ಅನ್ಸೋದು. ಕೈ ಬರಲಿಲ್ಲ ಕಣೇ.”

ಆಮೇಲೆ ಇನ್ನೊಂದು ತಂಬಿಗೆ ನೀರು ಹೊಯ್ದಳು. ನಾನು ಒಗೆದ ಲಂಗ ಉಟ್ಟು ಜಗಲಿಗೆ ಬಂದು ಬಿಸಿಲಲ್ಲಿ ಕಾಲು ಚಾಚಿ ಕುಳಿತೆ. ಅವ್ವ ಕೂಸನ್ನು ತಂದು ಕಾಲ ಮೇಲೆ ಮಲಗಿಸಿ, ಅಷ್ಟು ದಿನದ ಮೇಲೆ ನೆಮ್ಮದಿಯಾಗಿ ಊಟಕ್ಕೆ ಹೋದಳು.